ಆರ್ಕೆಸ್ಟ್ರಾದ ಬೆನ್ನ ಹಿಂದೆ ಕೂತು

ಲಂಡನ್‌ನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಆರ್ಕೆಸ್ಟ್ರಾದ ಹಿಂಬದಿಗೂ ಸೀಟುಗಳಿವೆ. ಕೋರಸ್ ಇರುವ ಕೃತಿ ನುಡಿಸುವ ದಿನ ಹಾಡುವವರು ಅಲ್ಲಿ ಸಾಲಾಗಿ ಕೂರುತ್ತಾರೆ. ಕೋರಸ್ ಇಲ್ಲದ ದಿನ ಅವೇ ಸೀಟುಗಳನ್ನು ನಮ್ಮಂಥವರಿಗೆ ಮಾರುತ್ತಾರೆ. ಬೆಲೆ ಕಡಿಮೆ. ಅಲ್ಲಿ ಸಂಗೀತ ಸರಿಯಾಗಿ ಕೇಳುವುದಿಲ್ಲ ಅನ್ನುವುದೇ ಕಾರಣ. ನಿಜ, ಕೇಳುವುದಿಲ್ಲ. ಆದರೂ ಕಂಡಕ್ಟರ್, ಅಂದರೆ ಎದುರಿಗೆ ನಿಂತು ಕೈಸನ್ನೆಯಿಂದ ಆರ್ಕೆಸ್ಟ್ರಾ ನಡೆಸುವವಳು, ಆಗಬೇಕು ಅಂತ ಹೊರಟವಳಿಗೆ ಇಡೀ ಹಾಲ್‌ನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಂದೆ ಕೂತವರಿಗೆಲ್ಲ ಕಂಡಕ್ಟರ್ ಬೆನ್ನು ಕಾಣುತ್ತದೆ. ಇಲ್ಲಿ ಕೂತವರಿಗೆ ಮುಖ ಕಾಣುತ್ತದೆ.

ನಾನು ಮೈಸೂರಿನವಳು. ಮನೆಯಲ್ಲಿ ಅಮ್ಮನ ಕರ್ನಾಟಕ ಸಂಗೀತ, ಸಂಜೆ ಪಿಯಾನೊ ಪಾಠ, ಎರಡನ್ನೂ ಕೇಳುತ್ತಲೇ ಬೆಳೆದೆ. ಈಗ ಲಂಡನ್‌ನಲ್ಲಿ ಹಗಲು ಆಫೀಸು, ಉಳಿದ ಹೊತ್ತು ಕಂಡಕ್ಟಿಂಗ್ ಕಲಿಕೆ. ಪಿಯಾನೊ ಕಲಿಯುವವರ ಮನೆಯಲ್ಲಿ ಪಿಯಾನೊ ಇರುತ್ತದೆ. ವೀಣೆ ಕಲಿಯುವವರ ಮನೆಯಲ್ಲಿ ವೀಣೆ ಇರುತ್ತದೆ. ಕಂಡಕ್ಟಿಂಗ್ ಕಲಿಯುವವರ ವಾದ್ಯ ಅಂದರೆ ಎಂಬತ್ತು ಜನ. ಅಭ್ಯಾಸ ಮಾಡೋಣ ಅಂತ ಬೆಳಗ್ಗೆ ಎದ್ದು ಕೈಗೆತ್ತಿಕೊಳ್ಳುವ ಹಾಗಿಲ್ಲ. ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನು ಬರೆದ ಪುಸ್ತಕ, ಓದಬಹುದು, ಕನ್ನಡಿ ಮುಂದೆ ಕೈ ಬೀಸಬಹುದು, ಸ್ನೇಹಿತರು ನಾಲ್ಕು ಜನ ಸಿಕ್ಕರೆ ಒಂದು ಪುಟ ನುಡಿಸಬಹುದು. ಆ ಎಂಬತ್ತು ಜನ ಒಟ್ಟಿಗೆ ಉಸಿರಾಡುವುದನ್ನು ನೋಡಬೇಕಾದರೆ ಅವರಿರುವಲ್ಲಿಗೇ ಹೋಗಬೇಕು. ನನಗೆ ಸಂಗೀತ ಕಛೇರಿಗೆ ಹೋಗುವುದೇ ಸಾಧನೆಯ ದೊಡ್ಡ ಪಾಲು.

ಎದುರಿಗೆ ಕೂತಾಗ ಮೊದಲು ಕಣ್ಣಿಗೆ ಬೀಳುವುದು ಕೈಯಲ್ಲ, ಉಸಿರು. ನಮ್ಮ ಕಛೇರಿಗಳಲ್ಲಿ ವೇದಿಕೆಯ ಮೇಲೂ ಸಭೆಯಲ್ಲೂ ತಾಳ ಹಾಕುವ ಕೈಗಳನ್ನು ನೋಡಿ ಬೆಳೆದವರು ನಾವು. ಆ ತಾಳ ಸ್ವರದ ಜೊತೆಗೇ ಬೀಳುತ್ತದೆ. ಕಂಡಕ್ಟರ್ ಕೈ ಸ್ವರಕ್ಕಿಂತ ಮುಂಚೆಯೇ ಹೊರಡಬೇಕು. ವೇಗ ಎಷ್ಟು, ದನಿ ಎಷ್ಟು, ಬಿರುಸಾ ಮೆತ್ತಗಾ, ಎಲ್ಲವನ್ನೂ ಆ ಮೊದಲ ಎತ್ತುವಿಕೆಯಲ್ಲೇ ಹೇಳಿ ಮುಗಿಸಿರಬೇಕು. ಬೀತೋವನ್‌ನ ಐದನೇ ಸಿಂಫನಿಯ ಶುರುವನ್ನು ತಗೊಳ್ಳಿ. ಸಿಂಫನಿ ಅಂದರೆ ಆರ್ಕೆಸ್ಟ್ರಾಗೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಜಗತ್ತಿಗೆಲ್ಲ ಗೊತ್ತಿರುವ ಆ ನಾಲ್ಕು ಸ್ವರಗಳಿಗೆ ಮೊದಲು ಅರ್ಧ ಎಣಿಕೆಯಷ್ಟು ಮೌನವನ್ನು ಬೀತೋವನ್ ಬರೆದಿದ್ದಾನೆ. ಅಂದರೆ ಎಲ್ಲರೂ ಎಣಿಕೆ ಬಿದ್ದ ಮೇಲೆ, ಆ ಮೌನ ದಾಟಿ, ಒಟ್ಟಿಗೆ ನೆಗೆಯಬೇಕು. ಎಣಿಕೆ ತೋರಿಸುವುದು ಕಂಡಕ್ಟರ್, ಆದರೆ ಆ ಎಣಿಕೆಯಲ್ಲಿ ಯಾರೂ ನುಡಿಸುವುದಿಲ್ಲ. ಮೂರು ಸ್ವರ ಓಡಿ ನಾಲ್ಕನೆಯದರ ಮೇಲೆ ನಿಲ್ಲಬೇಕು, ಎಷ್ಟು ಹೊತ್ತು ಅಂತ ಕಂಡಕ್ಟರ್ ಹೇಳಬೇಕು. ಕಂಡಕ್ಟಿಂಗ್ ಕಲಿಯುವವರೆಲ್ಲ ಹೆದರುವ ಜಾಗ ಇದು.

ಈ ಶುರುವನ್ನು ಬೇರೆ ಬೇರೆ ಕಂಡಕ್ಟರ್‌ಗಳ ಕೈಯಲ್ಲಿ ನಾನು ಎದುರಿನಿಂದ ನೋಡಿದ್ದೇನೆ. ಚೆನ್ನಾಗಿ ಬಂದಾಗಲೆಲ್ಲ ಒಂದೇ ಸಂಗತಿ ಕಂಡಿದೆ. ಕೈ ಎತ್ತುವ ಮೊದಲೇ ಅವರ ಮುಖದಲ್ಲಿ ಆ ವೇಗ ನಡೆಯುತ್ತಿರುತ್ತದೆ. ಒಳಗೆ ಆಗಲೇ ಕೇಳುತ್ತಿರುವುದಕ್ಕೆ ಅವರು ಬಾಗಿಲು ತೆರೆಯುತ್ತಾರೆ, ಅಷ್ಟೇ. ವಯಲಿನ್‌ಗಳ ಮುಖ್ಯಸ್ಥರು, ಇಲ್ಲಿ ಅವರನ್ನು ಲೀಡರ್ ಅನ್ನುತ್ತಾರೆ, ಅದೇ ಕ್ಷಣ ಮೂಗಿನಿಂದ ಉಸಿರೆಳೆಯುತ್ತಾರೆ. ಹಿಂದಿನ ಸಾಲಿನವರು ಕಮಾನು ಎತ್ತುತ್ತಾರೆ. ಆ ಉಸಿರು ಮುಂದಿನಿಂದ ಹಿಂದಕ್ಕೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ ಕೈ ಚಲನೆಯಿಂದ ಇದನ್ನು ಕಲಿಯಲಾಗುವುದಿಲ್ಲ.

ಹೀಗೆ ಒಂದಷ್ಟು ದಿನ ಕೂತ ಮೇಲೆ ಕಂಡಕ್ಟರ್‌ನಿಂದ ಕಣ್ಣು ತಾನಾಗಿ ಸರಿಯುತ್ತದೆ. ನುಡಿಸುವವರ ಕಡೆ ಹೋಗುತ್ತದೆ. ನನಗೆ ಜಾಸ್ತಿ ಕಲಿಸಿದ್ದು ಅವರೇ. ಅವರು ಯಾವಾಗ ತಲೆ ಎತ್ತಿ ನೋಡುತ್ತಾರೆ, ಯಾವಾಗ ನೋಡುವುದೇ ಇಲ್ಲ? ವೇಗ ಬದಲಾಗುವ ಜಾಗದಲ್ಲಿ ಎಲ್ಲ ಕಣ್ಣೂ ಮೇಲೇಳುತ್ತವೆ. ಸರಾಗವಾಗಿ ಸಾಗುವ ಜಾಗದಲ್ಲಿ ಚೆಲೊದವರು ಲೀಡರ್‌ನ ಕಮಾನು ನೋಡುತ್ತಾರೆ, ಓಬೋದವರು ಪಕ್ಕದ ಕೊಳಲಿಗೆ ಕಿವಿ ಕೊಡುತ್ತಾರೆ. ಆಗ ಕಂಡಕ್ಟರ್ ಬೇಡ. ಒಳ್ಳೆಯ ಕಂಡಕ್ಟರ್‌ಗೆ ಅದು ಗೊತ್ತಿರುತ್ತದೆ, ಕೈ ಚಿಕ್ಕದಾಗುತ್ತದೆ.

ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಕೊನೆಯ ಭಾಗದಲ್ಲಿ ಎಂಟು ಬಾರ್‌ಗಳ, ಅಂದರೆ ನಮ್ಮ ತಾಳದ ಎಂಟು ಆವರ್ತಗಳಂಥ, ಒಂದು ಸಾಲು ಮೂವತ್ತು ಸಲ ರೂಪ ಬದಲಿಸಿಕೊಂಡು ಬರುತ್ತದೆ. ಹನ್ನೆರಡನೆಯದು ಕೊಳಲಿನದು. ಅಲ್ಲಿಯವರೆಗಿನ ಆರ್ಭಟ ತಗ್ಗಿ, ನಡೆ ದುಪ್ಪಟ್ಟು ನಿಧಾನವಾಗುತ್ತದೆ. ಕೊಳಲು ಒಂಟಿಯಾಗಿ ತಡಕಾಡುತ್ತಾ ಮೇಲೇರುತ್ತದೆ. ಸುತ್ತ ವಯಲಿನ್ ಮತ್ತು ಹಾರ್ನ್ ಅನ್ನುವ ಹಿತ್ತಾಳೆ ವಾದ್ಯಗಳ ಮೆಲ್ಲನೆಯ ಮಿಡಿತ. ಇಲ್ಲಿ ಕಂಡಕ್ಟರ್ ಪ್ರತಿ ಎಣಿಕೆಯನ್ನೂ ಗಟ್ಟಿಯಾಗಿ ತೋರಿಸಿದರೆ ಕೊಳಲಿನವರಿಗೆ ಉಸಿರು ತಗೊಳ್ಳಲು ಜಾಗ ಸಿಗುವುದಿಲ್ಲ. ಒಮ್ಮೆ ಒಬ್ಬರು ಇಲ್ಲಿ ಕೊಳಲಿನವರ ಕಡೆ ನೋಡಲೇ ಇಲ್ಲ. ಮಿಡಿತ ನುಡಿಸುವವರ ಕಡೆ ತಿರುಗಿ, ಅವರನ್ನಷ್ಟೇ ಕೊಳಲಿನ ಹಿಂದೆ ನಡೆಸಿಕೊಂಡು ಹೋದರು. ಕೊಳಲಿನವರು ಮನೆಯಲ್ಲಿ ತಮ್ಮಷ್ಟಕ್ಕೆ ನುಡಿಸುವ ಹಾಗೆ ನುಡಿಸಿದರು. ಒಂಟಿ ವಾದ್ಯಕ್ಕೆ ಸಹಾಯ ಮಾಡುವುದು ಅಂದರೆ ಅದರ ಸುತ್ತಲಿನವರನ್ನು ನೋಡಿಕೊಳ್ಳುವುದು ಅಂತ ನನಗೆ ಆ ದಿನ ತಿಳಿಯಿತು. ಯಾವ ಮೇಷ್ಟ್ರೂ ಅದನ್ನು ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಹಿಂದಿನ ಸೀಟಿನ ಇನ್ನೊಂದು ಲಾಭ ಅಂದರೆ ತಾಳವಾದ್ಯದವರು ಕೈಗೆಟುಕುವಷ್ಟು ಹತ್ತಿರ ಇರುತ್ತಾರೆ. ಡ್ವೊರ್ಜಾಕ್‌ನ ಒಂಬತ್ತನೇ ಸಿಂಫನಿ ಸುಮಾರು ನಲವತ್ತು ನಿಮಿಷದ್ದು. ಅದರಲ್ಲಿ ದೊಡ್ಡ ತಾಳ, ಅಂದರೆ ಸಿಂಬಲ್, ಒಂದೇ ಒಂದು ಸಲ ಬರುತ್ತದೆ. ಅದೂ ಕೊನೆಯ ಭಾಗದಲ್ಲಿ, ಅದೂ ಜೋರಾಗಿ ಅಲ್ಲ. ಗೊತ್ತಿಲ್ಲದವರಿಗೆ ಕೇಳಿಸಿದ್ದೂ ತಿಳಿಯುವುದಿಲ್ಲ. ಆ ಒಂದು ಸದ್ದಿಗಾಗಿ ಸಿಂಬಲ್‌ನವರು ಬಾರ್‌ಗಳನ್ನು ಎಣಿಸುತ್ತಾ ಕೂತಿರುತ್ತಾರೆ. ಆ ಜಾಗ ಬರುವುದಕ್ಕೆ ಸ್ವಲ್ಪ ಮುಂಚೆ ಕಂಡಕ್ಟರ್ ಒಮ್ಮೆ ಅವರತ್ತ ನೋಡುತ್ತಾರೋ ಇಲ್ಲವೋ ಅಂತ ನಾನು ಯಾವಾಗಲೂ ಕಾಯುತ್ತೇನೆ. ಎಣಿಸುವುದು ಅವರಿಗೆ ಬರುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಷ್ಟು ಹೊತ್ತು ಸುಮ್ಮನೆ ಕೂತವರನ್ನು ನೆನಪಿಟ್ಟುಕೊಂಡು ಒಮ್ಮೆ ನೋಡುವುದು ಬೇರೆಯೇ ವಿಷಯ. ಆ ನೋಟ ಸಿಕ್ಕಾಗ ಸದ್ದಿನ ಬಣ್ಣವೇ ಬದಲಾಗುತ್ತದೆ. ನನ್ನ ಕಿವಿಗೆ ಹಾಗನಿಸುತ್ತದೆ, ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿದೆ.

ಇನ್ನು ಕೇಳುವ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಕಲಿಕೆಯ ತಿರುಳು ಇದೇ.

ಹಾರ್ನ್ ವಾದ್ಯದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಹಾಗಾಗಿ ಹಿಂದೆ ಕೂತವರ ಎದೆಗೇ ಅದರ ದನಿ ಬಡಿಯುತ್ತದೆ. ವಯಲಿನ್‌ಗಳು ದೂರ, ಅವುಗಳ ದನಿ ಆಚೆ ಸಭೆಯ ಕಡೆ ಹೋಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹದಿನೈದು ಮೀಟರ್ ದೂರದ ವಯಲಿನ್ ನಮ್ಮನ್ನು ತಲುಪಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿಗಿಂತ ಸ್ವಲ್ಪ ಹೆಚ್ಚು ಬೇಕು. ಕೇಳಲು ಏನೂ ಅಲ್ಲ ಅನಿಸುತ್ತದೆ ಅಲ್ವಾ? ಆದರೆ ಟಿಂಪನಿ, ಅಂದರೆ ದೊಡ್ಡ ನಗಾರಿಗಳು, ನಮ್ಮ ಕಾಲ ಬಳಿಯೇ ಇವೆ. ಇಬ್ಬರೂ ಸರಿಯಾಗಿ ಒಟ್ಟಿಗೆ ನುಡಿಸಿದರೂ ನಮಗೆ ಟಿಂಪನಿ ಮುಂದೆ, ವಯಲಿನ್ ಹಿಂದೆ ಕೇಳುತ್ತದೆ. ಟಿಂಪನಿಯವರ ಕಷ್ಟವೂ ಇದೇ. ವಯಲಿನ್ ಕೇಳಿದ ಮೇಲೆ ಬಾರಿಸಿದರೆ ಸಭೆಗೆ ತಡವಾಗಿ ಕೇಳುತ್ತದೆ. ಆದ್ದರಿಂದ ಅವರು ಕಿವಿಗಿಂತ ಕಣ್ಣನ್ನು ನಂಬಬೇಕು. ಕಂಡಕ್ಟರ್ ಕೈ ಸ್ಪಷ್ಟವಾಗಿರಬೇಕು ಅನ್ನುವುದು ಅಂದಚೆಂದದ ಮಾತಲ್ಲ. ಹಿಂದಿನ ಸಾಲಿನವರಿಗೆ ಬೇರೆ ಆಧಾರವೇ ಇಲ್ಲ.

ಹಾಗಾದರೆ ಕಂಡಕ್ಟರ್ ನಿಂತ ಜಾಗದಲ್ಲಾದರೂ ಎಲ್ಲ ಸರಿಯಾಗಿ ಕೇಳುತ್ತದಾ? ಅಲ್ಲೂ ಇಲ್ಲ. ಅವರ ಎರಡೂ ಪಕ್ಕ ತಂತಿವಾದ್ಯಗಳು. ಮರದ ವಾದ್ಯಗಳು ಅವುಗಳ ಹಿಂದೆ, ಹಿತ್ತಾಳೆ ಇನ್ನೂ ಹಿಂದೆ. ಸಭೆಯ ಕೊನೆಯ ಸಾಲಿನಲ್ಲಿ ಕೂತವರಿಗೆ ಏನು ಕೇಳುತ್ತದೆ ಅನ್ನುವುದು ಅವರ ಕಿವಿಗೆ ನೇರವಾಗಿ ಸಿಗುವುದಿಲ್ಲ. ಅದಕ್ಕೇ ರಿಹರ್ಸಲ್‌ನಲ್ಲಿ ಅಸಿಸ್ಟೆಂಟ್ ಕಂಡಕ್ಟರ್ ಖಾಲಿ ಹಾಲ್‌ನ ಮಧ್ಯೆ ಸ್ಕೋರ್ ಹಿಡಿದು ಕೂತಿರುತ್ತಾರೆ. ನಡುವೆ ಕಂಡಕ್ಟರ್ ಹಿಂದಕ್ಕೆ ತಿರುಗಿ ಕೇಳುತ್ತಾರೆ. ಕ್ಲಾರಿನೆಟ್ ಮುಳುಗುತ್ತಿದೆ, ಟ್ರೊಂಬೋನ್ ಜಾಸ್ತಿ, ಅಂತ ಅವರು ಹೇಳುತ್ತಾರೆ. ಕಲಿಯುವವರಿಗೆ ಮೊದಲು ಸಿಗುವ ಕೆಲಸವೇ ಅದು. ಕಂಡಕ್ಟರ್ ಕೈಯ ಕೋಲಾದ ಬೇಟನ್ ಹಿಡಿಯುವ ಮೊದಲು ಸೀಟಿನಲ್ಲಿ ಕೂತು ಕೇಳುವುದು. ಹಾಗಿರುವಾಗ ಒಂದೇ ಕೃತಿಯನ್ನು ಹಾಲ್‌ನ ಬೇರೆ ಬೇರೆ ಕಡೆ ಕೂತು ಕೇಳುವುದಕ್ಕಿಂತ ದೊಡ್ಡ ಪಾಠ ಯಾವುದಿದೆ?

ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಹಿಂದಿನ ಸೀಟಿನಿಂದ ಕೇಳಿದಾಗ ಇದು ನನಗೆ ಚುರುಕಾಗಿ ತಾಗಿತು. ಹಾಡುವವರು ಕಂಡಕ್ಟರ್ ಪಕ್ಕದಲ್ಲಿ ಸಭೆಗೆ ಮುಖ ಮಾಡಿ ನಿಲ್ಲುತ್ತಾರೆ. ಹಿಂದಿರುವ ನಮಗೆ ಅವರ ಬೆನ್ನು. ಪದಗಳು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ‘ಸೆಪ್ಟೆಂಬರ್’ ಅನ್ನುವ ಹಾಡಿನ ಕೊನೆಯಲ್ಲಿ ದನಿ ನಿಂತ ಮೇಲೆ ಹಾರ್ನ್ ಒಂದೇ ಮಾತಾಡುತ್ತದೆ. ಸ್ಟ್ರೌಸ್‌ನ ಅಪ್ಪ ಹೆಸರಾಂತ ಹಾರ್ನ್ ವಾದಕ. ಆ ಸಾಲು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹುಟ್ಟಿತು. ಹಾಡು ಪೂರ್ತಿ ಕೇಳದೆ, ಅದರ ಉತ್ತರ ಮಾತ್ರ ಪೂರ್ತಿ ಕೇಳಿದಂತಾಯಿತು. ಕಂಡಕ್ಟರ್ ಮಾತ್ರ ಹಾಡುವವರ ಬಾಯಿಯತ್ತ ಓರೆಗಣ್ಣು ಇಟ್ಟುಕೊಂಡು, ಎಡಗೈಯಿಂದ ತಂತಿವಾದ್ಯಗಳನ್ನು ತಗ್ಗಿಸುತ್ತಲೇ ಇದ್ದರು. ನನಗೆ ಅದು ಅತಿಯಾಯಿತು ಅನಿಸುವಷ್ಟು. ಮುಂದೆ ಕೂತಿದ್ದ ಸ್ನೇಹಿತೆಯನ್ನು ಆಮೇಲೆ ಕೇಳಿದೆ. ಒಂದೊಂದು ಪದವೂ ಕೇಳಿತು ಅಂದಳು.

ಈ ಹಾಡುಗಳ ಜೊತೆ ಮೈಸೂರಿನವರಿಗೆ ಒಂದು ನಂಟಿದೆ. ಇವನ್ನು ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯ, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಸ್ಟ್ರೌಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಆ ಕಛೇರಿಯ ಖರ್ಚಿಗೆ ಜಾಮೀನಾಗಿ ಹಣ ಇಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಅವರಿಗೆ ಬರಲಾಗಲಿಲ್ಲ. ಕಛೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿದರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿ ರಚಿಸಿದ ಅದೇ ಮಹಾರಾಜರು ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಲಂಡನ್‌ನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಿದವರೂ ಅವರೇ. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಚರ್ಟೊವನ್ನು, ಅಂದರೆ ಪಿಯಾನೊ ಮತ್ತು ಆರ್ಕೆಸ್ಟ್ರಾದ ಕೃತಿಯನ್ನು, ಅವರಿಗೆ ಅರ್ಪಿಸಿದ್ದಾರೆ. ಇಷ್ಟೆಲ್ಲ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಅರಮನೆ ನೋಡಲು ಬರುವವರಿಗೆ ಇದನ್ನೂ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಫೆಸ್ಟಿವಲ್ ಹಾಲ್‌ನಲ್ಲಿ ಫಿಲ್ಹಾರ್ಮೋನಿಯ ವೇದಿಕೆಗೆ ಬರುವಾಗಲೆಲ್ಲ ನನಗೆ ಈ ಆರ್ಕೆಸ್ಟ್ರಾ ಹೊರಗಿನದು ಅನಿಸುವುದಿಲ್ಲ.

ಆಲ್ಬರ್ಟ್ ಹಾಲ್‌ನ ಪಾಠ ಬೇರೆ. ಅಲ್ಲಿ ಬೇಸಿಗೆಯಲ್ಲಿ ಪ್ರಾಮ್ಸ್ ಅನ್ನುವ ಸಂಗೀತೋತ್ಸವ ನಡೆಯುತ್ತದೆ. 1895ರಲ್ಲಿ ಕ್ವೀನ್ಸ್ ಹಾಲ್‌ನಲ್ಲಿ ಹೆನ್ರಿ ವುಡ್ ಕಂಡಕ್ಟರ್ ಆಗಿ ಶುರುವಾದದ್ದು. 1941ರಲ್ಲಿ ಬಾಂಬು ಬಿದ್ದು ಆ ಹಾಲ್ ಹೋಯಿತು, ಪ್ರಾಮ್ಸ್ ಆಲ್ಬರ್ಟ್ ಹಾಲ್‌ಗೆ ಬಂತು. ಕೆಲವೇ ಪೌಂಡ್ ಕೊಟ್ಟರೆ ನಿಂತು ಕೇಳಬಹುದು. ಒಂದೋ ವೇದಿಕೆಯ ಎದುರಿಗೇ ಕೆಳಗೆ, ಇಲ್ಲವೋ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ. ಕೆಳಗೆ ಕಂಬಿ ಹಿಡಿದು ನಿಂತರೆ ವಯಲಿನ್‌ನವರ ಶೂ ಮುಖದ ಮಟ್ಟಕ್ಕೆ. ಕಮಾನು ತಂತಿಗೆ ಉಜ್ಜುವ ಸದ್ದೂ ಕೇಳುತ್ತದೆ, ಹಾರ್ನ್ ಮಾತ್ರ ಎಲ್ಲೋ ದೂರದ ಊರಿನಲ್ಲಿ. ಗ್ಯಾಲರಿಯಲ್ಲಿ ಜನ ನೆಲದ ಮೇಲೆ ಚಾಪೆ ಹಾಸಿ ಮಲಗಿಕೊಂಡೂ ಕೇಳುತ್ತಾರೆ. ಅಲ್ಲಿಗೆ ಎಲ್ಲ ದನಿಯೂ ಬೆರೆತು ಒಂದಾಗಿ ಏರಿ ಬರುತ್ತದೆ, ವಿವರ ಕರಗಿರುತ್ತದೆ. ದೊಡ್ಡ ಹಾಲ್, ಗುಂಡಗಿನ ಛಾವಣಿ. ಪ್ರತಿಧ್ವನಿ ತಗ್ಗಿಸಲು 1969ರಲ್ಲಿ ಅಣಬೆಯಂಥ ತಟ್ಟೆಗಳನ್ನು ಮೇಲೆ ತೂಗುಹಾಕಿದ್ದಾರೆ. ಆದರೂ ಬಿರುಸಿನ ಸ್ವರಗಳು ಅಲ್ಲಿ ಮಸುಕಾಗುತ್ತವೆ. ಅನುಭವ ಇರುವ ಕಂಡಕ್ಟರ್‌ಗಳು ಈ ಹಾಲ್‌ನಲ್ಲಿ ಸ್ವರಗಳನ್ನು ಇನ್ನಷ್ಟು ಚುಟುಕಾಗಿ ನುಡಿಸಿಸುವುದು, ಮೌನದ ಜಾಗದಲ್ಲಿ ಸ್ವಲ್ಪ ಹೆಚ್ಚು ಕಾಯುವುದು ಕಾಣುತ್ತದೆ.

ಚೈಕಾವ್‌ಸ್ಕಿಯ ಆರನೇ ಸಿಂಫನಿಯನ್ನು ನಾನು ಕೆಳಗಿನಿಂದ, ಗ್ಯಾಲರಿಯಿಂದ, ಇನ್ನೊಂದು ಹಾಲ್‌ನಲ್ಲಿ ಹಿಂದಿನ ಸೀಟಿನಿಂದ ಕೇಳಿದ್ದೇನೆ. ಅದರ ಕೊನೆಯ ಭಾಗ ಶುರುವಾಗುವ ರಾಗವನ್ನು ಯಾರೂ ನುಡಿಸುವುದಿಲ್ಲ! ಮೊದಲ ವಯಲಿನ್‌ಗಳಿಗೆ ಒಂದು ಸ್ವರ, ಎರಡನೇ ವಯಲಿನ್‌ಗಳಿಗೆ ಮುಂದಿನದು, ಮತ್ತೆ ಮೊದಲಿನವರಿಗೆ. ಹೀಗೆ ಇಳಿಯುವ ಆ ಅಳುವ ಸಾಲನ್ನು ಚೈಕಾವ್‌ಸ್ಕಿ ಇಬ್ಬರಿಗೂ ಹಂಚಿಬಿಟ್ಟಿದ್ದಾನೆ. ಒಂದು ಗುಂಪಿನದನ್ನು ಮಾತ್ರ ನುಡಿಸಿದರೆ ಅರ್ಥವಿಲ್ಲದೆ ಹಾರುವ ಸ್ವರಗಳು, ಅಷ್ಟೇ. ಮುಂದೆ ಅದೇ ರಾಗ ಮರಳಿ ಬಂದಾಗ ಮೊದಲ ವಯಲಿನ್‌ಗಳೇ ಪೂರ್ತಿಯಾಗಿ ನುಡಿಸುತ್ತವೆ. ಎರಡು ಗುಂಪೂ ಒಂದೇ ಪಕ್ಕದಲ್ಲಿ ಕೂತಿದ್ದರೆ ಈ ವ್ಯತ್ಯಾಸ ಕೇಳುವುದೇ ಇಲ್ಲ. ಕಂಡಕ್ಟರ್‌ನ ಎಡಕ್ಕೊಂದು ಬಲಕ್ಕೊಂದು ಗುಂಪು ಕೂತಿದ್ದರೆ ಕೇಳುತ್ತದೆ, ಅದೂ ನಾವು ಹತ್ತಿರ ಇದ್ದರೆ ಮಾತ್ರ. ಗ್ಯಾಲರಿಯಿಂದ ನನಗೆ ಕೇಳಲಿಲ್ಲ. ಕೆಳಗಿನಿಂದ ಎದೆ ಸೀಳಿದ ಹಾಗೆ ಕೇಳಿತು. ಹಿಂದಿನ ಸೀಟಿನಿಂದ ಕಣ್ಣಿಗೇ ಕಂಡಿತು: ಎಡಬಲದ ಕಮಾನುಗಳು ಒಂದರ ನಂತರ ಒಂದು ಒತ್ತಿ ಸಡಿಲಾಗುತ್ತಿದ್ದವು. ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದೂ ಕಂಡಕ್ಟರ್ ತೀರ್ಮಾನವೇ. ನನಗೆ ಅವಕಾಶ ಸಿಕ್ಕಿದ ದಿನ ಈ ಸಿಂಫನಿಗೆ ವಯಲಿನ್‌ಗಳನ್ನು ಎರಡೂ ಕಡೆ ಕೂರಿಸುತ್ತೇನೆ. ಅದರಲ್ಲಿ ಅನುಮಾನವೇ ಇಲ್ಲ.

ಅದರ ಎರಡನೇ ಭಾಗ ಐದು ಎಣಿಕೆಯದು. ಎರಡು, ಆಮೇಲೆ ಮೂರು. ಇಲ್ಲಿಗೆ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಆರ್ಕೆಸ್ಟ್ರಾ ಅಂದರೆ ಸದ್ದು ಜಾಸ್ತಿ ಅನ್ನುವ ಅಮ್ಮ ನಾಲ್ಕು ಬಾರ್ ಆಗುವಷ್ಟರಲ್ಲಿ ಮೊಣಕಾಲ ಮೇಲೆ ಬೆರಳಾಡಿಸುತ್ತಾ, ‘ಖಂಡಛಾಪು ಕಣೇ’ ಅಂದರು. ತಕ ತಕಿಟ. ಪಾಶ್ಚಾತ್ಯ ವಿದ್ಯಾರ್ಥಿಗಳು ಎಡವುವ ಎಣಿಕೆ ಅವರ ಬೆರಳಲ್ಲಿ ಸುಮ್ನೆ ಹರಿಯುತ್ತಿತ್ತು. ಮೂರನೇ ಭಾಗ ದೊಡ್ಡ ಮೆರವಣಿಗೆ. ಮುಗಿದಾಗ ಪ್ರಾಮ್ಸ್‌ನಲ್ಲಿ ಚಪ್ಪಾಳೆ ಬಂದೇ ಬರುತ್ತದೆ. ಇನ್ನೂ ಒಂದು ಭಾಗ ಇದೆ, ಅದೇ ಕೃತಿಯ ಜೀವ. ಕೆಲವರು ಕೈ ಕೆಳಗಿಳಿಸದೆ ಆ ಚಪ್ಪಾಳೆಯ ಮೇಲೆಯೇ ಕೊನೆಯ ಭಾಗಕ್ಕೆ ಹಾರುತ್ತಾರೆ. ಒಬ್ಬರು ಮಾತ್ರ ಕೈ ಇಳಿಸಿ, ಚಪ್ಪಾಳೆ ಮುಗಿಯುವವರೆಗೂ ನಿಂತು, ಮತ್ತೆ ಕೈ ಎತ್ತಿದರು. ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಜನರ ಸಂತೋಷವನ್ನು ತಡೆದು ದುಃಖ ಶುರು ಮಾಡಿದರೆ ಅದು ಬೈದ ಹಾಗಾಗುತ್ತದೆ. ಈ ಸಿಂಫನಿಯ ಮೊದಲ ಪ್ರದರ್ಶನವನ್ನು 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕಾವ್‌ಸ್ಕಿಯೇ ನಡೆಸಿದ್ದ. ಒಂಬತ್ತು ದಿನಕ್ಕೆ ತೀರಿಕೊಂಡ.

ಹೋಗುವ ಮುಂಚೆ ಏನು ಮಾಡಬೇಕು ಅಂತ ಕೇಳುವವರಿಗೆ ಒಂದೇ ಮಾತು: ಸ್ಕೋರ್ ಓದಿ, ಆದರೆ ಆ ವಾರ ರೆಕಾರ್ಡ್ ಕೇಳಲೇ ಬೇಡಿ. ರೆಕಾರ್ಡ್ ಕೇಳಿ ಹೋದರೆ ಹಾಲ್‌ನಲ್ಲಿ ಆ ರೆಕಾರ್ಡನ್ನೇ ಹುಡುಕುತ್ತೇವೆ. ಸ್ಕೋರ್ ಓದಿ ಹೋದರೆ ನಮ್ಮ ತಲೆಯೊಳಗೆ ಒಂದು ದನಿ ಆಗಲೇ ಇರುತ್ತದೆ. ಎದುರಿಗೆ ಕೇಳುವುದು ಅದಕ್ಕಿಂತ ಎಲ್ಲಿ ಬೇರೆ, ಯಾಕೆ ಬೇರೆ, ಅಂತ ನೋಡಬಹುದು. ಸ್ಕೋರ್ ಹಾಲ್‌ಗೆ ಒಯ್ಯುವುದು ನನಗೆ ಇಷ್ಟವಿಲ್ಲ. ಕಣ್ಣು ಪುಟಕ್ಕೆ ಅಂಟಿಕೊಂಡರೆ ಸಿಂಬಲ್‌ನವರನ್ನು ನೋಡುವುದು ಯಾವಾಗ? ಮನೆಗೆ ಬಂದ ಮೇಲೆ ತೆರೆದರೆ ಸಾಕು.

ಕೂತು ಓದಿದ್ದು ಯಾವತ್ತು ಕೈ ಹಿಡಿಯುತ್ತದೋ ಹೇಳಲಾಗದು. 1983ರಲ್ಲಿ ಫಿಲ್ಹಾರ್ಮೋನಿಯಕ್ಕೆ ಮಾಹ್ಲರ್‌ನ ಮೂರನೇ ಸಿಂಫನಿ ನಡೆಸಬೇಕಾಗಿದ್ದವರು ಕಡೇ ಗಳಿಗೆಯಲ್ಲಿ ಬರಲಾಗಲಿಲ್ಲ. ಬದಲಿಗೆ ಬಂದದ್ದು ಇಪ್ಪತ್ತೈದು ವರ್ಷದ ಎಸಾ-ಪೆಕ್ಕಾ ಸಾಲೊನೆನ್. ಒಂದೂವರೆ ಗಂಟೆಗೂ ಮೀರುವ ಆ ಕೃತಿಯನ್ನು ಕೆಲವೇ ದಿನಗಳಲ್ಲಿ ತಯಾರು ಮಾಡಿಕೊಂಡು ವೇದಿಕೆ ಹತ್ತಿದರು. ಮುಂದೆ ಅದೇ ಆರ್ಕೆಸ್ಟ್ರಾದ ಮುಖ್ಯ ಕಂಡಕ್ಟರ್ ಆದರು. ಮರಿನ್ ಆಲ್ಸಪ್ ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಕಂಡಕ್ಟರ್ ಬರ್ನ್‌ಸ್ಟೈನ್ ಅವರ ಕಛೇರಿಗೆ ಹೋಗಿ, ನಾನೂ ಇದನ್ನೇ ಮಾಡುತ್ತೇನೆ ಅಂತ ಅಂದೇ ನಿಶ್ಚಯಿಸಿದರು. 2013ರಲ್ಲಿ ಪ್ರಾಮ್ಸ್‌ನ ಕೊನೆಯ ರಾತ್ರಿಯನ್ನು ನಡೆಸಿದ ಮೊದಲ ಹೆಂಗಸು ಅವರೇ.

ಕಛೇರಿಗಳ ಒಂದು ಮಿತಿಯನ್ನೂ ಹೇಳಬೇಕು. ಅಲ್ಲಿ ನಮಗೆ ಸಿಗುವುದು ಮುಗಿದ ಕೆಲಸ. ಯಾವುದು ಮೊದಲು ಹೇಗಿತ್ತು, ಯಾವ ಮಾತಿನಿಂದ ಹೀಗಾಯಿತು ಅನ್ನುವುದು ರಿಹರ್ಸಲ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. 1950ರ ದಶಕದಲ್ಲಿ ವಿಯೆನ್ನಾದಲ್ಲಿ ಹಾನ್ಸ್ ಸ್ವಾರೋವ್‌ಸ್ಕಿ ಹತ್ತಿರ ಕಲಿಯುತ್ತಿದ್ದ ಇಬ್ಬರು ಹುಡುಗರಿಗೂ ಇದೇ ತೊಂದರೆ. ರಿಹರ್ಸಲ್‌ಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅವರು ಹೋಗಿ ಅಲ್ಲಿನ ಕೋರಸ್ ಆದ ಸಿಂಗ್‌ಫೆರೈನ್ ಸೇರಿದರು. ತಗ್ಗು ದನಿಯ ಬಾಸ್ ಗುಂಪಿನಲ್ಲಿ ನಿಂತು ಹಾಡುತ್ತಾ ಬ್ರೂನೊ ವಾಲ್ಟರ್, ಕಾರಯಾನ್ ಅಂಥ ಕಂಡಕ್ಟರ್‌ಗಳ ಕೆಲಸವನ್ನು ಎದುರಿನಿಂದಲೇ ನೋಡಿದರು. ಒಬ್ಬರು ಮುಂಬೈಯಿಂದ ಹೋಗಿದ್ದ ಜುಬಿನ್ ಮೆಹ್ತಾ, ಇನ್ನೊಬ್ಬರು ಇಟಲಿಯ ಕ್ಲಾಡಿಯೊ ಅಬ್ಬಾಡೊ.

ಲಂಡನ್‌ನಲ್ಲಿ ಆರ್ಕೆಸ್ಟ್ರಾಗಳ ಜೊತೆ ಹಾಡುವ ಹವ್ಯಾಸಿ ಕೋರಸ್‌ಗಳು ಬೇಕಾದಷ್ಟಿವೆ. ಫಿಲ್ಹಾರ್ಮೋನಿಯ ಕೋರಸ್ 1957ರಲ್ಲಿ ಕಂಡಕ್ಟರ್ ಕ್ಲೆಂಪರರ್ ನಡೆಸಿದ ಬೀತೋವನ್‌ನ ಒಂಬತ್ತನೇ ಸಿಂಫನಿಗಾಗಿ ಹುಟ್ಟಿದ್ದು. ನಾನೂ ಈ ವರ್ಷ ಒಂದು ಚಿಕ್ಕ ಕೋರಸ್‌ಗೆ ಆಲ್ಟೊ, ಅಂದರೆ ಹೆಂಗಸರ ತಗ್ಗು ದನಿಯ ಗುಂಪಿನವಳು, ಆಗಿ ಸೇರಿದ್ದೇನೆ. ಬ್ರಾಮ್ಸ್‌ನ ರೆಕ್ವಿಯಮ್, ಅಂದರೆ ಸತ್ತವರ ನೆನಪಿನ ಕೃತಿ, ಕಲಿಯುತ್ತಿದ್ದೇವೆ. ಸೋಮವಾರ ಸಂಜೆ ಆಫೀಸು ಮುಗಿಸಿ ಓಡುತ್ತೇನೆ. ಮೊನ್ನೆ ಮೊದಲ ಸಲ ಆರ್ಕೆಸ್ಟ್ರಾ ಜೊತೆ ರಿಹರ್ಸಲ್ ಆಯಿತು. ಎರಡನೇ ಭಾಗದಲ್ಲಿ ಟಿಂಪನಿ ಒಂದೇ ಸಮನೆ ಮಿಡಿಯುತ್ತಾ ಇರುತ್ತದೆ. ಕಂಡಕ್ಟರ್ ನಿಲ್ಲಿಸಿ, ಟಿಂಪನಿಯವರಿಗೆ ಏನೂ ಹೇಳದೆ, ನಮಗೆ ಹೇಳಿದರು: ‘ಪದದ ಕೊನೆಯ ಅಕ್ಷರವನ್ನು ಬೇಗ ಮುಗಿಸಿ, ಅವರಿಗೆ ಜಾಗ ಬಿಡಿ.’ ಮತ್ತೆ ಹಾಡಿದೆವು. ಟಿಂಪನಿಯವರು ಮೊದಲಿನ ಹಾಗೇ ಬಾರಿಸಿದರು, ಆದರೆ ಈ ಸಲ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಅದನ್ನು ಬರೆದುಕೊಂಡೆ. ಮುಂದಿನ ಸೋಮವಾರ ಆರನೇ ಭಾಗ. ಅದರಲ್ಲಿ ಆಲ್ಟೊಗಳಿಗೆ ಕೈ ತುಂಬಾ ಕೆಲಸ.